ಸಭೆಯ ದಾರಿ ತೋರಿಸಿದ ಶಿರಸಿಯ ಅಣ್ಣನಿಗೆ

ನಿಮ್ಮ ಹೆಸರು ನಾವು ಕೇಳಲಿಲ್ಲ, ನೀವೂ ಹೇಳಲಿಲ್ಲ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರು ಗುರುತು ಬಯಲು ಮಾಡದೆ ಸಭೆ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ರೀತಿಯೇ ಅದು. ನೀವು ತಿಳಿಸಿಕೊಟ್ಟದ್ದು ಇನ್ನೊಂದು ಮನೆಗೂ ಮುಟ್ಟಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

“ಮೊದಲು ಡಾಕ್ಟರು, ಆಮೇಲೆ ಸಭೆ” ಅಂದಿರಲ್ಲ, ಅದಕ್ಕೇ ದೊಡ್ಡ ಉಪಕಾರ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲ ದಿನವೇ ಕೈನಡುಕ, ಬೆವರು ಶುರುವಾಗುತ್ತದೆ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಇಲ್ಲದ್ದು ಕಾಣುವ ಸನ್ನಿ ಹಿಡಿದರೆ ಜೀವಕ್ಕೇ ಅಪಾಯ. ಕೋಣೆಯಲ್ಲಿ ಕೂಡಿಹಾಕಿದರೆ ಇದು ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ನಡುಕ ಇಳಿಸುವ ಔಷಧವನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಬರುತ್ತಾರೆ, ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾರೆ. ಕುಡಿತದ ವಿಷಯ ಮುಚ್ಚಿಟ್ಟು ಬರೀ “ಸುಸ್ತು” ಅಂದರೆ ಇವೆರಡೂ ತಪ್ಪಿಹೋಗುತ್ತವೆ.

ಕುಡಿತ ಬಿಡಲು ನೆರವಿಗೆ ಸರ್ಕಾರದ 14446 ಸಹಾಯವಾಣಿ, ಮನಸ್ಸಿನ ತೊಳಲಾಟಕ್ಕೆ 14416, ಎರಡೂ ಉಚಿತ. ಸಭೆಯ ಜಾಗ, ಹೊತ್ತು ಬದಲಾಗುತ್ತಿರುತ್ತದೆ, ಘಟ್ಟ ಹತ್ತಿ ಬರುವವರು ಹೊರಡುವ ಮುಂಚೆ ಕೂಟದವರಿಗೆ ಫೋನ್ ಮಾಡಿ ಕೇಳಬೇಕು, ವಾಪಸ್ ಬಸ್ಸನ್ನೂ ನೋಡಿಕೊಳ್ಳಬೇಕು. ಮುಕ್ತ ಸಭೆಗೆ ಮನೆಯವರೂ ಹೋಗಬಹುದು. ಇನ್ನೊಂದು ಬಗೆಯ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಶುಲ್ಕವಿಲ್ಲ. ಮೊದಲ ದಿನ ಬಾಯಿ ಬಿಡದೆ ಕೂತರೂ ಯಾರೂ ಒತ್ತಾಯಿಸುವುದಿಲ್ಲ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಯೂ ಇದೆ. ಶಿಬಿರದ ಮೇಲೆ ಇಂಥ ಕೂಟ ತಪ್ಪಿದವರೇ ಹೆಚ್ಚಾಗಿ ಮತ್ತೆ ಜಾರುತ್ತಾರೆ ಎಂಬ ನಿಮ್ಮ ಮಾತನ್ನು ನಾವೂ ಒಪ್ಪುತ್ತೇವೆ.

ಹೆಂಡತಿ-ಮಕ್ಕಳಿಗೆ ಅಲ್-ಅನಾನ್ ಎಂಬ ಬೇರೆ ಕೂಟವಿದೆ ಎಂದು ಅತ್ತಿಗೆಯನ್ನು ಪಕ್ಕಕ್ಕೆ ಕರೆದು ತಿಳಿಸಿದವರೂ ನೀವೇ. ಅವರ ಪರವಾಗಿಯೂ ನಿಮಗೆ ಕೈಮುಗಿಯುತ್ತೇವೆ.