ಮನೆ ಆರೈಕೆಯ ಮಸೂದೆ ಮತ್ತೆ ಬರಲಿ

ಸಂಪಾದಕರೇ,

ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗಿ ನಿತ್ಯದ ಬದುಕೇ ಕಷ್ಟವಾಗುವ ಸ್ಥಿತಿ) ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಬಹುಪಾಲು ಜನರನ್ನು ನೋಡಿಕೊಳ್ಳುತ್ತಿರುವುದು ಮನೆಯ ಹೆಣ್ಣುಮಕ್ಕಳು, ಇಲ್ಲವೇ ವಯಸ್ಸಾದ ಸಂಗಾತಿ. ಅವರ ಕೈಸೋತಾಗ ಏಜೆನ್ಸಿಯವರು ಹೋಮ್ ನರ್ಸ್ ಎಂದು ಕಳುಹಿಸುವವರಿಗೆ ಯಾವ ತರಬೇತಿ ಆಗಿದೆಯೆಂದು ತಿಳಿದುಕೊಳ್ಳುವ ದಾರಿ ಮನೆಯವರಿಗೆ ಇಲ್ಲ.

ಇದನ್ನು ಸರಿಪಡಿಸಬಹುದಾಗಿದ್ದ ಮಸೂದೆಯೊಂದು ಸಂಸತ್ತಿನ ಮುಂದಿತ್ತು. ಪಾಲಕರು ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕೆ ಸಂಬಂಧಿಸಿದ 2007ರ ಕಾಯ್ದೆಗೆ ತಿದ್ದುಪಡಿ ತರಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಆ ಮಸೂದೆಯು, ದೈಹಿಕ ಇಲ್ಲವೇ ಮಾನಸಿಕ ದೌರ್ಬಲ್ಯದಿಂದ ನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲಾಗದ ಹಿರಿಯರಿಗೆ ಮನೆಯಲ್ಲೇ ಸೇವೆ ಒದಗಿಸುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ತರಬೇತಿ ಮತ್ತು ಪ್ರಮಾಣಪತ್ರ ಪಡೆದವರನ್ನೇ ನೇಮಿಸಿಕೊಳ್ಳಬೇಕು ಎಂದು ಹೇಳಿತ್ತು. ಸ್ಥಾಯಿ ಸಮಿತಿಯ ಪರಿಶೀಲನೆ ಮುಗಿದಿದ್ದರೂ ಅಂಗೀಕಾರವಾಗದೆ, 2024ರಲ್ಲಿ 17ನೇ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಇದರ ಬಗ್ಗೆ ಹೆಚ್ಚು ಚರ್ಚೆಯೇ ಆಗಲಿಲ್ಲವೆಂಬುದು ನೋವಿನ ಸಂಗತಿ.

ಡಿಮೆನ್ಷಿಯಾ ಎಂದರೆ ಬರೀ ಮರೆವು ಎಂದುಕೊಂಡವರಿಗೆ ತರಬೇತಿಯ ಅಗತ್ಯ ಅರ್ಥವಾಗುವುದಿಲ್ಲ. ಸಂಜೆಯಾಗುತ್ತಲೇ ತಳಮಳಗೊಂಡು, ತಮ್ಮ ಮನೆಯಲ್ಲೇ ಇದ್ದರೂ ‘ಮನೆಗೆ ಹೋಗಬೇಕು’ ಎಂದು ಎದ್ದು ಹೊರಡುವವರನ್ನು ಗದರದೆ ಸಮಾಧಾನಪಡಿಸುವುದು, ನುಂಗಲು ಕಷ್ಟಪಡುವವರಿಗೆ ಊಟ ಮಾಡಿಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಕಲಿತು ಮಾಡಬೇಕಾದ ಕೆಲಸಗಳು. ನಮ್ಮ ಅತ್ತೆಯವರನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬಾಕೆ ಅವರನ್ನು ಅಂಗಾತ ಮಲಗಿಸಿಕೊಂಡೇ ಗಂಜಿ ಕುಡಿಸುತ್ತಿದ್ದರು. ಹಾಗೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದರಲ್ಲಿ ಆ ಹೆಣ್ಣುಮಗಳ ತಪ್ಪೇನೂ ಇಲ್ಲ. ಕಡಿಮೆ ಸಂಬಳಕ್ಕೆ ಹಗಲಿರುಳು ದುಡಿಯುವ ಅವರಿಗೂ ಕಾನೂನಿನ ರಕ್ಷಣೆ ಬೇಕು.

ಮಸೂದೆಯನ್ನು ಮತ್ತೆ ತರುವಾಗ ವಯಸ್ಸಿನ ಮಿತಿಯನ್ನೂ ಮರುಪರಿಶೀಲಿಸಬೇಕು. 2007ರ ಕಾಯ್ದೆ 60 ತುಂಬಿದವರನ್ನಷ್ಟೇ ಹಿರಿಯ ನಾಗರಿಕರೆಂದು ಪರಿಗಣಿಸುತ್ತದೆ. ಆದರೆ ನಡವಳಿಕೆ, ಮಾತನ್ನು ಮೊದಲು ಕೆಡಿಸುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಂತಹ ಕಾಯಿಲೆಗಳು ಎಷ್ಟೋ ಜನರಲ್ಲಿ, ದುಡಿಯುವ ವಯಸ್ಸಿನಲ್ಲೇ, ಮಕ್ಕಳ ಓದು ಮುಗಿಯುವ ಮೊದಲೇ ಶುರುವಾಗುತ್ತವೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಹೆಸರಿದೆ, ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್ಝೈಮರ್ ಕಾಯಿಲೆಯ ಹೆಸರಿಲ್ಲ. ಅದನ್ನೂ ಸೇರಿಸಬೇಕು.

ಎರಡೂ ಕಾಯ್ದೆಗಳು ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ವ್ಯಾಪ್ತಿಗೇ ಬರುತ್ತವೆ. ಕರ್ನಾಟಕದ ಸಂಸದರು ಪಕ್ಷಭೇದವಿಲ್ಲದೆ ಈ ವಿಷಯವನ್ನು ಸಚಿವರ ಗಮನಕ್ಕೆ ತಂದು, ಮಸೂದೆಯನ್ನು ಮತ್ತೆ ಮಂಡಿಸುವಂತೆ ಒತ್ತಾಯಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಮೈಸೂರು