ಕೋನ್ ಹೊರಗಿದ್ದ ಮಾತ್ರಕ್ಕೆ ಸೇಫ್ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಾವಿರೋ ಅಮೆರಿಕದಲ್ಲಿ ಹರಿಕೇನ್ (ಚಂಡಮಾರುತ) ಸೀಸನ್ ಅಂದ್ರೆ ಜೂನ್ 1ರಿಂದ ನವೆಂಬರ್ 30, ಆಗ ಪೇಪರ್‌ನಲ್ಲಿ ಬಿಳಿ ಕೋನ್ ಇರೋ ಮ್ಯಾಪ್ ನೋಡಿ ಊರಲ್ಲಿರೋ ಅಪ್ಪ ಅಮ್ಮ "ನಿಮ್ಮೂರು ಅದರೊಳಗಿಲ್ಲ ಬಿಡು" ಅಂತ ಸಮಾಧಾನ ಪಟ್ಕೋತಾರೆ. ಆ ಕೋನ್ ತೋರಿಸೋದು ಚಂಡಮಾರುತದ ಕೇಂದ್ರ ಎಲ್ಲೆಲ್ಲಿ ಹೋಗಬಹುದು ಅನ್ನೋದನ್ನ ಅಷ್ಟೇ, ಮಳೆ ಎಲ್ಲೀವರೆಗೆ ಅಂತಲ್ಲ. ಚಂಡಮಾರುತಕ್ಕೆ ಕೊಡೋ ಕೆಟಗರಿ ನಂಬರೂ ಬರೀ ಗಾಳಿ ವೇಗದ್ದು.

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲೋರಿಡಾ ತೀರಕ್ಕೆ ಅಪ್ಪಳಿಸ್ತು, ಆದ್ರೆ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರ, ಬೆಟ್ಟದ ನಡುವೆ ಇರೋ ನಾರ್ತ್ ಕೆರೊಲಿನಾದ ಆಶ್‌ವಿಲ್‌ನಲ್ಲಿ ನದಿ ಉಕ್ಕಿ ಮನೆ ಅಂಗಡಿ ಕೊಚ್ಕೊಂಡು ಹೋದ್ವು, ದೊಡ್ಡ ದೊಡ್ಡ ನೀರಿನ ಪೈಪ್‌ಗಳೇ ಕಿತ್ತುಹೋಗಿ ಎಷ್ಟೋ ವಾರ ನಲ್ಲೀಲಿ ಕುಡಿಯೋ ನೀರೇ ಇರ್ಲಿಲ್ಲ. ಹೆಲೀನ್ ಬರೋ ಮುಂಚೆನೇ ಅಲ್ಲಿ ಜೋರು ಮಳೆಯಾಗಿ ನೆಲ ನೆಂದಿತ್ತು, ರಾಷ್ಟ್ರೀಯ ಹವಾಮಾನ ಇಲಾಖೆ ಪ್ರವಾಹದ ಎಚ್ಚರಿಕೆನೂ ಕೊಟ್ಟಿತ್ತು. ಆದ್ರೂ ಜನರ ಕಣ್ಣೆಲ್ಲ ಫ್ಲೋರಿಡಾ ಮೇಲಿತ್ತು, ಅದೇ ನನಗೆ ಸಂಕಟ.

ಇಲ್ಲಿ ನಮ್ಮ ಕನ್ನಡದವರು ಸುಮಾರು ಜನ ಇದ್ದಾರೆ ಸಾರ್, ದಯವಿಟ್ಟು ಕೋನ್ ಮ್ಯಾಪ್ ಪಕ್ಕದಲ್ಲಿ ಮಳೆ ಮುನ್ಸೂಚನೆ ಮ್ಯಾಪೂ ಹಾಕಿ.

– ಒಬ್ಬ ಓದುಗ, ಶಾರ್ಲೆಟ್, ನಾರ್ತ್ ಕೆರೊಲಿನಾ