ನಕ್ಷೆ ನೋಡಿ ದೂರ ಅಳೆಯಬೇಡಿ

ಸಂಪಾದಕರೇ,

ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ ರೆಸಲ್ಯೂಟ್, ಗ್ರೀಸ್ ಫಿಯರ್ಡ್ ಅಂತ ಇನ್ಯೂಯಿಟ್ ಎಂಬ ಅಲ್ಲಿನ ಮೂಲನಿವಾಸಿಗಳ ಎರಡು ಊರುಗಳಿವೆ. ನೇರ ದೂರ ಸುಮಾರು 380 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿಂದ ಹುಬ್ಬಳ್ಳಿಗೆ ಹಾರಿದಷ್ಟೇ. ಗೋಡೆಗೆ ತೂಗುಹಾಕುವ, ಧ್ರುವದ ಕಡೆ ಹೋದಂತೆಲ್ಲ ಹಿಗ್ಗಿಸಿ ತೋರಿಸುವ ಮರ್ಕೇಟರ್ ನಕ್ಷೆಯಲ್ಲಿ ಅದು ನಾಲ್ಕು ಪಟ್ಟು ಹಿಗ್ಗಿ ಕಾಣುತ್ತದೆ. ಅದನ್ನು ನಂಬಬೇಡಿ. ನಿಜವಾದ ಕಷ್ಟ ಬೇರೆಯೇ ಇದೆ: ರಸ್ತೆ ಇಲ್ಲ, ಸರಕಿನ ಹಡಗು ಬೇಸಿಗೆಯಲ್ಲಷ್ಟೇ ಬರುತ್ತದೆ, ಗ್ರೀಸ್ ಫಿಯರ್ಡ್‌ನ ಜಲ್ಲಿ ರನ್‌ವೇ ಎಷ್ಟು ಚಿಕ್ಕದೆಂದರೆ ಟ್ವಿನ್ ಆಟರ್‌ನಂಥ ಪುಟ್ಟ ವಿಮಾನವೇ ಬೇಕು, ಗಾಳಿ, ಮಂಜು ಜಾಸ್ತಿಯಾದರೆ ಅದೂ ಇಲ್ಲ. ಹೆರಿಗೆಗೂ ವಿಮಾನ ಹತ್ತಬೇಕಾದ ಊರು ಅದು. 1953ರಲ್ಲಿ ಇನ್ಯೂಯಿಟ್ ಕುಟುಂಬಗಳನ್ನು ಅಷ್ಟು ದೂರದ ಈ ಜಾಗಗಳಿಗೆ ಒಯ್ದು ಬಿಟ್ಟಿದ್ದು ಕೆನಡಾ ಸರ್ಕಾರವೇ, 2010ರಲ್ಲಿ ಕ್ಷಮೆಯನ್ನೂ ಕೇಳಿತು. ಹಾಗಿರುವಾಗ ಲಾಭನಷ್ಟ ನೋಡದೆ ಆ ವಿಮಾನ ಓಡಿಸುವುದು ಅದರ ಹೊಣೆ ಅಲ್ವಾ?

ಇಂತಿ,
ನಿಮ್ಮ ಓದುಗ